ಮರ ಕಳಿಸುವ ಭಾನುವಾರ

ವರ್ಷಕ್ಕೊಂದು ಭಾನುವಾರ ನಮ್ಮೂರಿನವರೆಲ್ಲ ಗರಗಸ, ಕೊಡಲಿ, ಹಗ್ಗ ಹಿಡಿದುಕೊಂಡು ಮೂಡಲ ಕಾಡಿಗೆ ಹೋಗಿ ಮರ ಕಳಿಸುತ್ತೇವೆ. ಬೇರೆ ಊರುಗಳಲ್ಲಿ ಇದಕ್ಕೆ ಮರ ಕಡಿಯುವುದು ಎನ್ನುತ್ತಾರಂತೆ. ನಮ್ಮಲ್ಲಿ ಹಾಗೆ ಹೇಳಿದರೆ ಮರಗಳಿಗೆ ಬೇಜಾರಾಗುತ್ತದೆ. ಒಂದು ಮರದ ಮೊಣಕೈ ಇನ್ನೊಂದರ ಪಕ್ಕೆಗೆ ತಿವಿಯುವಷ್ಟು ಕಾಡು ಇಕ್ಕಟ್ಟಾಗಿದೆ. ನಡುನಡುವೆ ಜಾಗ ಮಾಡಿಕೊಟ್ಟರೆ ಉಳಿದವು ಕೈಕಾಲು ಚಾಚಿಕೊಳ್ಳುತ್ತವೆ, ಊರಿಗೂ ಒಂದಿಷ್ಟು ಬಿಸಿಲು ಬೀಳುತ್ತದೆ. ಅದಕ್ಕೆಂದು ಸುಣ್ಣದ ಬೊಟ್ಟಿಟ್ಟ ಮರಗಳನ್ನು ಬುಡದಲ್ಲಿ ಕೊಯ್ಯುತ್ತೇವೆ. ಕೊಯ್ದ ಮರ ವಾಲುತ್ತದೆ, ವಾಲಿಕೊಂಡೇ ಕಾಯುತ್ತದೆ, ಯಾರಾದರೂ ಒಂದು ಮಾತು ಹೇಳಿದ ಮೇಲೆ ಬೇರನ್ನೂ ಎತ್ತಿಕೊಂಡು ಹೊರಡುತ್ತದೆ. ನೆಲ ಮುಟ್ಟುವ ಮೊದಲೇ ಅದು ಅಲ್ಲಿರುವುದಿಲ್ಲ.

ತೊಂದರೆ ಇರುವುದು ಆ ಒಂದು ಮಾತಿನಲ್ಲಿ. ‘ಹೋಗು’ ಎಂದರೆ ಮರ ಹೋಗುತ್ತದೆ. ‘ಹೋಗಿ ಬಾ’ ಎಂದರೆ ಹೋಗಿ, ಮರುದಿನ ಬೆಳಿಗ್ಗೆ ಬಂದು ತನ್ನ ಜಾಗದಲ್ಲೇ ನಿಲ್ಲುತ್ತದೆ. ಹೀಗೆ ವಾಪಸು ಬರುವ ಮರ ಹೋಗುವಾಗ ತನ್ನ ನೆರಳನ್ನು ಇಲ್ಲೇ ಬಿಟ್ಟು ಹೋಗುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿ ಟೀ ಕುಡಿಯಲು ಇಳಿದವರ ಹಾಗೆ. ಹಾಗಾಗಿ ಕೆಲಸ ಕೆಟ್ಟಿತೋ ಇಲ್ಲವೋ ಎಂದು ತಿಳಿಯಲು ಬೆಳಗಾಗುವವರೆಗೆ ಕಾಯಬೇಕಾಗಿಲ್ಲ. ಮರ ಇಲ್ಲದ ಜಾಗದಲ್ಲಿ ನೆರಳು ಬಿದ್ದಿದ್ದರೆ ಮುಗಿಯಿತು, ಗರಗಸ ಒರೆಸಿ ಮನೆಗೆ ಹೋಗಬಹುದು.

ಈಗ ನೀವೇ ಹೇಳಿ, ಹೊರಟು ನಿಂತವರಿಗೆ ಬರೀ ‘ಹೋಗು’ ಎನ್ನಲು ಯಾರಿಗೆ ನಾಲಿಗೆ ಏಳುತ್ತದೆ? ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು ಎಂದು ಹಾಲು ಕುಡಿಯುವಾಗಲೇ ನಮಗೆಲ್ಲ ಕಲಿಸಿದ್ದಾರೆ. ಒಮ್ಮೆ ಊರಿಗೆ ನುಗ್ಗಿದ ತಾಮ್ರದ ಹಂಡೆಯ ಕಳ್ಳನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದೆವು. ಜೀಪು ಹೊರಟ ಕೂಡಲೇ ಊರಿಗೆ ಊರೇ ಕೈ ಬೀಸಿ “ಹೋಗ್ಬಾರಪ್ಪಾ” ಎಂದಿತು. ಇಂಥ ಜನ ನಾವು. ಪ್ರತಿ ವರ್ಷ ಮರ ಕಳಿಸುತ್ತೇವೆ, ಪ್ರತಿ ವರ್ಷ ಅಷ್ಟೂ ಮರ ಮರುದಿನ ವಾಪಸು ಬರುತ್ತವೆ. ಬರುವಾಗ ಇನ್ನಷ್ಟು ಮೈಕೈ ತುಂಬಿಕೊಂಡು ಬರುತ್ತವೆ. ಎಲ್ಲಿಗೆ ಹೋಗುತ್ತವೆಯೋ ನಮಗೆ ಗೊತ್ತಿಲ್ಲ. ಒಂದು ಹೊನ್ನೆಮರದ ಬೇರಿನಲ್ಲಿ ಸಮುದ್ರದ ಮರಳಿತ್ತು. ಒಂದು ಬೇವಿನಮರ ಯಾರದೋ ಗಾಳಿಪಟ ಸಿಕ್ಕಿಸಿಕೊಂಡು ಬಂದು ಎರಡು ದಿನ ಯಾರ ಜೊತೆಯೂ ಸರಿಯಾಗಿ ಅಲುಗಾಡಲಿಲ್ಲ, ಅಷ್ಟು ಜಂಬ.

ಉಪಾಯಗಳನ್ನು ನಾವು ಮಾಡದೇ ಇಲ್ಲ. ಒಂದು ವರ್ಷ ಎಲ್ಲರೂ ಬಾಯಿಗೆ ಟವೆಲ್ ಕಟ್ಟಿಕೊಂಡು ಹೋದೆವು. ಮರ ವಾಲಿ ನಿಂತಿದ್ದನ್ನು ನೋಡಿ ಕರುಳು ಚುರ್ ಎಂದು ಟವೆಲಿನೊಳಗಿಂದಲೇ ಯಾರೋ “ಹೋಗ್ಬಾ” ಎಂದರು. ಮರಗಳ ಕಿವಿ ಬಲು ಚುರುಕು. ಇನ್ನೊಂದು ವರ್ಷ ನಮ್ಮ ಶ್ರಮದಾನ ಸಂಘದ ಅಧ್ಯಕ್ಷರಾದ ಶಾಂತಮೂರ್ತಿ ಮೇಷ್ಟ್ರು, ಇಂಗ್ಲಿಷಿನಲ್ಲಿ ಕಳಿಸಿದರೆ ಈ ತಾಪತ್ರಯವಿಲ್ಲ ಎಂದು ಮುಂದೆ ಬಂದರು. ಗಂಟಲು ಸರಿಮಾಡಿಕೊಂಡು “ಗುಡ್ ಬೈ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದ ಸಂತೋಷಕ್ಕೆ “ಸೀ ಯೂ ಎಗೇನ್” ಎಂದೂ ಸೇರಿಸಿದರು. ಮರಗಳಿಗೆ ಅಷ್ಟು ಇಂಗ್ಲಿಷು ಬರುತ್ತದೆ ಎಂದು ಅವತ್ತೇ ತಿಳಿದದ್ದು.

ಆ ಸಂಘಕ್ಕೆ ನಾನು ಕಾರ್ಯದರ್ಶಿ. ನನ್ನ ಹೆಸರು ವನಜಾ, ಹೆಸರಿನಲ್ಲೇ ವನ ಇದೆಯಲ್ಲ ಎಂದು ನನ್ನ ತಲೆಗೆ ಕಟ್ಟಿದರು. ವನಜ ಎಂದರೆ ತಾವರೆ, ನೀರಿನಲ್ಲಿ ಹುಟ್ಟಿದ್ದು, ಕಾಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಬಡಕೊಂಡರೂ ಯಾರೂ ಕೇಳಲಿಲ್ಲ. ನಿಜವಾಗಿ ನಾನು ಹೊಲಿಗೆಯವಳು. ಸಂತೆಬೀದಿಯಲ್ಲಿ ನನ್ನದೊಂದು ಅಂಗಡಿ, ಒಂದು ಮಿಷನ್ನು, ಒಂದು ಕನ್ನಡಿ. ಊರಿನ ರವಿಕೆಗಳೆಲ್ಲ ನನ್ನ ಕೈಯಲ್ಲೇ ಆಗಬೇಕು. ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂದು ಗೊಣಗುತ್ತಾರೆ, ಗೊಣಗಲಿ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿಯನ್ನು ಯಾರಾದರೂ ಕಂಡಿದ್ದರೆ ನನಗೂ ತೋರಿಸಲಿ.

ಹೋದ ವರ್ಷ ಮರ ಕಳಿಸುವುದು ನನಗೆ ಆಟದ ಮಾತಾಗಿರಲಿಲ್ಲ. ಕಾರಣ ಚೆಲುವತ್ತೆ. ನಮ್ಮಪ್ಪನ ತಂಗಿ, ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಅನ್ನದ ಜೊತೆ ಬೈಗುಳವನ್ನೂ ಹೊಟ್ಟೆ ತುಂಬ ಬಡಿಸಿದವಳು. ಹಪ್ಪಳ ಸಂಡಿಗೆ ಅವಳ ಜೀವನ. ಅವಳ ಉದ್ದಿನ ಹಪ್ಪಳ ಎಣ್ಣೆಗೆ ಬಿಟ್ಟರೆ ಬಾಣಲೆಗಿಂತ ದೊಡ್ಡದಾಗುತ್ತಿತ್ತು. ಆದರೆ ಕಾಡಿನ ಅಂಚಿನಲ್ಲಿರುವ ಒಂದು ನೇರಳೆಮರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಅವಳ ತಾರಸಿಯ ಬೆಳಗಿನ ಬಿಸಿಲನ್ನೆಲ್ಲ ನುಂಗಿಬಿಟ್ಟಿತು. ಮಧ್ಯಾಹ್ನ ತಿರುಗಿದರೆ ಪಡುವಲ ಗುಡ್ಡದ ನೆರಳು. ಹಪ್ಪಳ ಒಣಗದೆ ಬೂಷ್ಟು ಹಿಡಿಯತೊಡಗಿದವು. ಸಂಡಿಗೆಯಂತೂ ಮೂರು ದಿನ ಹರವಿದರೂ ಗಂಜಿಯಾಗಿಯೇ ಇರುತ್ತಿತ್ತು.

“ಈ ಸಲವೂ ಆ ನೇರಳೆ ವಾಪಸ್ ಬಂತೋ, ನಾನು ಸೋಮವಾರವೇ ತಂಗಿ ಊರಿಗೆ ಹೊರಟೆ” ಎಂದಳು ಚೆಲುವತ್ತೆ. “ಅಲ್ಲಿ ಬಿಸಿಲಿಗೇನು ಬರ ಇಲ್ವಂತೆ. ಬಂಡೆ ಮೇಲೆ ಹರವಿದ್ರೆ ಹಪ್ಪಳ ಅಲ್ಲೇ ಸುಟ್ಕೊಂಡ್ಬಿಡುತ್ತಂತೆ.”

“ನಾನೇನ್ ಮಾಡ್ಲಿ ಇಲ್ಲಿ ಒಬ್ಳೇ?” ಎಂದೆ.

“ಮದ್ವೆ ಮಾಡ್ಕೊ ಅಂದಾಗ ಮಾಡ್ಕೊಂಡ್ಯಾ? ಸುಮ್ನಿರು. ಇದೊಂದು ರವಿಕೆ ಹೊಲ್ಕೊಡು. ಹರಿದಿದ್ದು ಹಾಕ್ಕೊಂಡು ತಂಗಿ ಮನೆಗೆ ಹೋಗೋಕಾಗಲ್ಲ.”

ನಶ್ಯದ ಬಣ್ಣದ ಬಟ್ಟೆ ಕೊಟ್ಟಳು. ಟ್ರಂಕು ಕಟ್ಟಿ ಬಾಗಿಲ ಹತ್ತಿರ ಇಟ್ಟೂ ಬಿಟ್ಟಳು. ರವಿಕೆ ಹೊಲಿಯುವಾಗ ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ. ಅವಳು ಬಂದು ಆಯ್ತಾ ಎಂದು ಕೇಳಿದಾಗಲೆಲ್ಲ “ಇನ್ನೂ ಒಂದು ಹುಕ್ಕು ಬಾಕಿ ಇದೆ, ನಾಳೆ ಬಾ ಅತ್ತೆ” ಎಂದು ಕಳಿಸುತ್ತಿದ್ದೆ.

ದೇವರು ದೊಡ್ಡವನು, ಅದೇ ಹೊತ್ತಿಗೆ ಬಸ್ ಕಂಡಕ್ಟರ್ ಜವರಪ್ಪ ನಿವೃತ್ತಿಯಾಗಿ ಊರಿಗೆ ಬಂದ. ಜವರಪ್ಪನ ಹೆಸರಿನಲ್ಲೇ ಜವರಾಯ ಇದ್ದಾನೆ. ಲಗೇಜು ಟಿಕೆಟ್ ತೆಗೆಯದೆ ಹಲಸಿನಹಣ್ಣು ಹತ್ತಿಸಿದ ಸ್ವಂತ ಮಾವನನ್ನೇ ನಡುದಾರಿಯಲ್ಲಿ ಇಳಿಸಿ ಬಂದವನು. ಮಾವ ಆ ಹಣ್ಣನ್ನು ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು ಒಬ್ಬರೇ ತಿಂದು ಮುಗಿಸಿ ನಡೆದು ಬಂದರಂತೆ. ಇಷ್ಟು ವರ್ಷ ಭಾನುವಾರವೂ ಡ್ಯೂಟಿ ಇದ್ದದ್ದರಿಂದ ಅವನು ಮರ ಕಳಿಸಲು ಬಂದವನೇ ಅಲ್ಲ. ಮೇಷ್ಟ್ರೂ ನಾನೂ ಅವನ ಮನೆಗೆ ಹೋದೆವು.

“ಮರಕ್ಕೆ ಹೋಗು ಅನ್ಬೇಕು, ಅಷ್ಟೇ ತಾನೆ?” ಎಂದ ಜವರಪ್ಪ.

“ಅಷ್ಟೇ. ಆದ್ರೆ ಆಮೇಲೆ ಬಾ ಅನ್ಬಾರ್ದು” ಎಂದರು ಮೇಷ್ಟ್ರು.

“ಬಸ್ಸಿಂದ ಇಳಿಸ್ದೋರ್ಗೆ ಯಾವತ್ತಾದ್ರೂ ಬಾ ಅಂದಿದೀನಾ ಸಾರ್ ನಾನು?” ಎಂದು ಬೇಜಾರು ಮಾಡಿಕೊಂಡ. ನನ್ನ ಮನಸ್ಸು ಹಗುರಾಯಿತು. ಹೊರಡುವಾಗ ನಾವು “ಬರ್ತೀವಿ” ಎಂದೆವು. “ಹೋಗಿ” ಎಂದು ಬಾಗಿಲು ಹಾಕಿದ. ಇಷ್ಟು ಚೆನ್ನಾಗಿ ನಮ್ಮನ್ನು ಯಾರೂ ಅವಮಾನ ಮಾಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಊರೆಲ್ಲ ಕಾಡಿನ ಅಂಚಿನಲ್ಲಿ ಸೇರಿತು. ಉಪ್ಪಿಟ್ಟು, ಕೇಸರಿಬಾತು ಆಯಿತು. ಯಾವಾಗಲೂ ಹಾಗೆ, ಉಪ್ಪಿಟ್ಟಿಗೆ ಬಂದಷ್ಟು ಜನ ಗರಗಸಕ್ಕೆ ಬರಲಿಲ್ಲ. ಜವರಪ್ಪ ಖಾಕಿ ಅಂಗಿ ಹಾಕಿ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಬಂದಿದ್ದ. ಬಡಗಿ ಈರಾಚಾರಿ ಮತ್ತು ಅವನ ಅಣ್ಣತಮ್ಮಂದಿರು ಮೊದಲ ಮರಕ್ಕೆ ಗರಗಸ ಹಾಕಿದರು. ಅದೊಂದು ಸಣಕಲು ಮತ್ತಿಮರ. ಕೊಯ್ದು ಮುಗಿಯುತ್ತಲೇ ಅದು ವಾಲಿತು, ಎಲೆ ಅಲುಗಿಸುತ್ತಾ ನಮ್ಮ ಮುಖ ನೋಡಿತು. ನಾವೆಲ್ಲ ಬಾಯಿಗೆ ಸೆರಗು, ಟವೆಲ್, ಸಿಕ್ಕಿದ್ದು ತುರುಕಿಕೊಂಡೆವು. ಜವರಪ್ಪ ಸೀಟಿ ಊದಿದ.

“ಹೋಗು, ಹೋಗು, ಮುಂದಕ್ಕೆ ಹೋಗು! ಬಾಗಿಲಲ್ಲಿ ನಿಂತ್ಕೋಬೇಡ! ರೈಟ್!”

ಮತ್ತಿಮರ ಗಾಬರಿಬಿದ್ದು ಹೊರಟೇಬಿಟ್ಟಿತು. ಹೋಗುವ ಅವಸರದಲ್ಲಿ ನೆರಳನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋಯಿತು. ಅದು ಇದ್ದ ಜಾಗದಲ್ಲಿ ಬಿಸಿಲು ಬಿತ್ತು. ನಮ್ಮಲ್ಲಿ ಕೆಲವರು ಆ ಬಿಸಿಲಿನಲ್ಲಿ ಹೋಗಿ ನಿಂತು ನೋಡಿದರು. ಮೇಷ್ಟ್ರು ಕೈ ಚಾಚಿ, ಅಂಗೈ ತಿರುಗಿಸಿ, “ಬಿಸಿಯಾಗಿಯೇ ಇದೆ” ಎಂದು ವರದಿ ಮಾಡಿದರು.

ಆಮೇಲೆ ಕೆಲಸ ಸರಸರ ನಡೆಯಿತು. ಒಂದು ದಿಂಡಿಗಮರ ಸ್ವಲ್ಪ ಹಟ ಮಾಡಿತು. ಜವರಪ್ಪ ಅದರ ಹತ್ತಿರ ಹೋಗಿ “ಟಿಕೆಟ್ ತೋರ್ಸು” ಎಂದ. ಅದೂ ಹೋಯಿತು. ಊಟದ ಹೊತ್ತಿಗೆ ಬಿಸಿಲು ತೇಪೆತೇಪೆಯಾಗಿ ಕಾಡಿನಿಂದ ಊರಿನ ಕಡೆಗೆ ಬರುತ್ತಾ ಚೆಲುವತ್ತೆಯ ಮೆಟ್ಟಿಲಿನವರೆಗೆ ಬಂತು. ಇನ್ನು ಉಳಿದದ್ದು ನೇರಳೆಮರ ಒಂದೇ. ಅದನ್ನು ಕೊಯ್ಯಲು ಮೂರು ಜೊತೆ ಆಳು ಸರದಿಯಲ್ಲಿ ಗರಗಸ ಎಳೆಯಬೇಕಾಯಿತು.

ಅಷ್ಟರಲ್ಲಿ ಚೆಲುವತ್ತೆ ಕುಕ್ಕೆ ತುಂಬ ಕರಿದ ಹಪ್ಪಳ ತಂದಳು. ಒಳ್ಳೆಯ ಕಾಲದಲ್ಲಿ ಒಣಗಿಸಿಟ್ಟ ಕೊನೆಯ ಹಪ್ಪಳಗಳು. ಗೆದ್ದ ಹಾಗೆಯೇ ಲೆಕ್ಕ ಎಂದು ಅವಳಿಗೆ ಸಂಭ್ರಮ. “ತಗೋ ಜವರಪ್ಪ, ದೊಡ್ಡದು ನಿಂಗೆ” ಎಂದು ಮೊರದಗಲದ್ದನ್ನು ಆರಿಸಿ ಕೊಟ್ಟಳು. ಇಡೀ ಜೀವಮಾನ ಬಸ್‌ಸ್ಟ್ಯಾಂಡಿನ ತಣ್ಣಗಿನ ಬೋಂಡ ತಿಂದ ಮನುಷ್ಯ. ಹಪ್ಪಳವನ್ನು ಮುರಿದು ಒಟ್ಟಿಗೇ ಬಾಯಿಗೆ ಹಾಕಿಕೊಂಡ. ಸರಿಯಾಗಿ ಆಗಲೇ ಗರಗಸ ಆಚೆ ಬಂತು, ನೇರಳೆಮರ ದೊಡ್ಡದಾಗಿ ನಿಟ್ಟುಸಿರುಬಿಟ್ಟು ವಾಲಿತು.

ಎಲ್ಲರೂ ಜವರಪ್ಪನ ಕಡೆ ನೋಡಿದೆವು. ಜವರಪ್ಪ ಬಾಯಿ ತೆರೆದ. ಬಂದದ್ದು ಕೆಮ್ಮು. ಹಪ್ಪಳದ ಚೂರು ಗಂಟಲಲ್ಲಿ ಅಡ್ಡ ನಿಂತು ಅವನ ಕಣ್ಣು ಮೇಲಾಯಿತು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಈರಾಚಾರಿ ಬೆನ್ನಿಗೆ ಗುದ್ದಿದ. ಇನ್ನೊಬ್ಬರು ನೀರು ಕುಡಿಸಿದರು. ಜೀವ ಉಳಿಯಿತು, ಸ್ವರ ಮಾತ್ರ ಬರಲಿಲ್ಲ. ಸೀಟಿ ಊದಿದ. ಮರಕ್ಕೆ ಸೀಟಿ ಸಾಲುವುದಿಲ್ಲ, ಮಾತೇ ಬೇಕು. ಅದು ಹಾಗೇ ವಾಲಿಕೊಂಡು, ಕುಂಕುಮ ಕೊಡಲಿ ಎಂದು ಹೊಸ್ತಿಲಲ್ಲಿ ಕಾಯುವ ಮುತ್ತೈದೆಯ ಹಾಗೆ ನಿಂತಿತ್ತು.

ಮೇಷ್ಟ್ರ ತುಟಿ ಅಲುಗಿತು. “ಗು…” ಎನ್ನುವಷ್ಟರಲ್ಲಿ ಅವರ ಬಾಯಿಗೆ ಒಂದು ಹಪ್ಪಳ ತುರುಕಿದೆ. ಅಧ್ಯಕ್ಷರು ಎನ್ನುವ ಮರ್ಯಾದೆ ನೋಡಿಕೊಂಡು ಕೂರುವ ಹೊತ್ತಲ್ಲ ಅದು.

“ಅತ್ತೆ, ನೀನೇ ಹೇಳು” ಎಂದು ಪಿಸುಗುಟ್ಟಿದೆ. “ನಿನ್ನ ಬಿಸಿಲು ತಿಂದಿದ್ದು ಅದು. ಹೋಗು ಅನ್ನು. ಬರೀ ಹೋಗು.”

ಚೆಲುವತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಏನೇ, ಹಾಳು ನೇರಳೆ!” ಎಂದು ಶುರು ಮಾಡಿದಳು. “ನನ್ನ ಸಂಡಿಗೆ ಕೊಳೆಸ್ದೆ, ಹಪ್ಪಳಕ್ಕೆ ಬೂಷ್ಟು ಹಿಡಿಸ್ದೆ. ನಿನ್ನ ಹಣ್ಣು ಬಿದ್ದು ಬಿದ್ದು ಸಂಡಿಗೆ ಹರವೋ ನನ್ನ ಬಿಳೀ ಪಂಚೆಯೆಲ್ಲ ಊದಾ ಬಣ್ಣ ಆಯ್ತು. ನಿನ್ನ ಮೇಲಿದ್ದ ಕಾಗೆ ನನ್ನ ಮೆಣಸಿನಕಾಯಿ ಬಾಳಕ ಕಚ್ಕೊಂಡು ಹೋಯ್ತು. ನಿನಗೇನು ಕಮ್ಮಿ ಮಾಡಿದ್ದೆ ನಾನು? ಬೇಸಿಗೇಲಿ ಪಾತ್ರೆ ತೊಳೆದ ನೀರು ಹಾಕಿರ್ಲಿಲ್ವಾ?” ಬೈಗುಳ ಇಲ್ಲಿಗೆ ಬಂದಾಗಲೇ ನನಗೆ ಭಯವಾಯಿತು. ಅವಳ ಬೈಗುಳದ ದಾರಿ ನನಗೆ ಗೊತ್ತು. ಪಾತ್ರೆ ತೊಳೆದ ನೀರಿನವರೆಗೆ ಬಂದರೆ ಆಮೇಲೆ ಕಣ್ಣೀರೇ. “ಚಿಕ್ಕದಿದ್ದಾಗ ಮೇಕೆ ತಿನ್ನುತ್ತೆ ಅಂತ ನಾನೇ ಮುಳ್ಳು ಕಟ್ಟಿದ್ದೆ ಕಣೇ ನಿಂಗೆ…” ಎಂದಳು. ಸೆರಗು ಸೊಂಟದಿಂದ ಬಿಚ್ಚಿ ಕಣ್ಣಿಗೆ ಬಂತು. “ಹೋಗಿ…” ಎಂದಳು.

ಅವಳ ತುಟಿಗಳು ‘ಬಾ’ ಎನ್ನಲು ಒಂದಕ್ಕೊಂದು ಸೇರಿದ್ದನ್ನು ನಾನು ಕಣ್ಣಾರೆ ಕಂಡೆ. ಮುಗಿಯಿತು, ಸೋಮವಾರದ ಬಸ್ಸು, ಬಾಗಿಲ ಹತ್ತಿರದ ಟ್ರಂಕು, ಖಾಲಿ ಅಡುಗೆಮನೆ ಎಲ್ಲ ಕಣ್ಣಮುಂದೆ ಬಂತು. ಏನಾದರೂ ಹೇಳಬೇಕು, ಅವಳಿಗಿಂತ ಮೊದಲು ಹೇಳಬೇಕು. ನನಗೂ ‘ಹೋಗು’ ಎನ್ನಲು ಬರುವುದಿಲ್ಲ. ಎದುರಿಗೆ ಒಬ್ಬರು ಹೀಗೆ ವಾಲಿಕೊಂಡು ನಿಂತು ಮುಖ ನೋಡಿದರೆ ನನ್ನ ಬಾಯಿಗೆ ಬರುವುದು ಒಂದೇ ಮಾತು, ಅದೇ ಬಂತು.

“ಇವತ್ತು ಆಗಲ್ಲ ಕಣಮ್ಮ, ಒಂದು ಹುಕ್ಕು ಬಾಕಿ ಇದೆ. ಹೋಗಿ ನಾಳೆ ಬಾ!”

ಮೇಷ್ಟ್ರು ಹಪ್ಪಳ ಅಗಿಯುವುದನ್ನು ನಿಲ್ಲಿಸಿದರು. ನೇರಳೆಮರ ಒಂದು ಗಳಿಗೆ ಯೋಚಿಸಿತು. ಆಮೇಲೆ ನನ್ನ ಗಿರಾಕಿಗಳು ಬಿಡುವಂಥದೇ ಒಂದು ನಿಟ್ಟುಸಿರು ಬಿಟ್ಟು, ನೆರಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಹೊರಟುಹೋಯಿತು. ಚೆಲುವತ್ತೆಯ ತಾರಸಿಯ ಮುಂದೆ ಬರೀ ಆಕಾಶ ಇತ್ತು.

ಗೆದ್ದೆವೆಂದು ನಾವು ಕೂಗಾಡಲಿಲ್ಲ. ಏನಾಯಿತೆಂದು ಯಾರಿಗೂ ಅರ್ಥವಾಗಿರಲಿಲ್ಲ. “ನಾಳೆ ಬಾ ಅಂದ್ರೆ ನಾಳೆ ಬರುತ್ತಲ್ಲಮ್ಮ” ಎಂದ ಈರಾಚಾರಿ. “ನೆರಳು ತಗೊಂಡು ಹೋಗಿದೆಯಲ್ಲ” ಎಂದರು ಮೇಷ್ಟ್ರು. ಜವರಪ್ಪ ಏನೋ ಹೇಳಲು ನೋಡಿದ, ಗಂಟಲು ಕೀಂಯ್ ಎಂದಿತು. ಮನೆಗೆ ಬಂದ ಚೆಲುವತ್ತೆ ಟ್ರಂಕಿನ ಮೇಲೆ ಕೂತು, “ನಾಳೆ ಬೆಳಿಗ್ಗೆ ನೋಡೇಬಿಡ್ತೀನಿ. ಬಂದಿದ್ರೆ ಬಸ್ಸು” ಎಂದಳು.

ಸೋಮವಾರ ಬೆಳಕು ಹರಿಯುವ ಮೊದಲೇ ಇಬ್ಬರೂ ತಾರಸಿಗೆ ಹತ್ತಿದೆವು. ನೇರಳೆಮರ ಬಂದಿತ್ತು.

“ಬಂದ್ಬಿಡ್ತಲ್ಲೇ ವನಜಾ” ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಸಂಕಟ ಮಾಡಿತು. ಅಳು ನುಂಗಿಕೊಂಡು ಮರವನ್ನು ದಿಟ್ಟಿಸಿ ನೋಡಿದೆ. ನೋಡಿದರೆ ಅದು ನಿಂತ ರೀತಿಯೇ ಬೇರೆ. ಬೇರು ನೆಲಕ್ಕೆ ಇಳಿಸಿರಲಿಲ್ಲ. ಹೆಗಲ ಮೇಲಿನ ನೆರಳನ್ನು ಕೆಳಗೆ ಹಾಕಿರಲಿಲ್ಲ. ಚಪ್ಪಲಿ ಬಿಡದೆ ಅಂಗಡಿ ಬಾಗಿಲಲ್ಲೇ ನಿಂತು ಒಳಗೆ ಇಣುಕುವ ಗಿರಾಕಿಯ ನಿಲುವು ಅದು. ದಿನಾ ನೋಡುವ ನನಗೆ ಗೊತ್ತಾಗದೆ ಇರುತ್ತದೆಯೇ? ಅದು ಉಳಿಯಲು ಬಂದಿರಲಿಲ್ಲ, ಆಯ್ತಾ ಎಂದು ಕೇಳಲು ಬಂದಿತ್ತು.

ಕೂಡಲೇ ನನಗೆ ಅಂಗಡಿಯ ಧೈರ್ಯ ಬಂತು. ತಾರಸಿಯ ಅಂಚಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು, “ಅಯ್ಯೋ, ನಿನ್ನದೇ ಕೈಗೆ ತಗೊಂಡಿದ್ದೆ ಕಣಮ್ಮ, ಕರೆಂಟು ಹೋಯ್ತು. ನಾಳೆ ಖಂಡಿತ. ಹೋಗಿ ನಾಳೆ ಬಾ” ಎಂದೆ.

ಮರ ಗೊಣಗಿತು. ಗೊಣಗುತ್ತಲೇ ತಿರುಗಿ ಹೊರಟಿತು. ಅದರ ಹಿಂದೆಯೇ ಸೂರ್ಯ ಮೇಲೆ ಬಂದು ಬಿಸಿಲು ತಾರಸಿಯ ಉದ್ದಗಲಕ್ಕೂ ಚೆಲ್ಲಿಕೊಂಡಿತು. ಚೆಲುವತ್ತೆ ಬರಿಗಾಲಲ್ಲಿ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು. ಆಮೇಲೆ ಕೆಳಗಿಳಿದು ಉದ್ದಿನ ಹಿಟ್ಟಿನ ಡಬ್ಬ ಹುಡುಕತೊಡಗಿದಳು.

ಆವತ್ತಿನಿಂದ ಇದು ನನ್ನ ಪಾಲಿಗೆ ಬಂದ ಕೆಲಸ. ದಿನಾ ನಸುಕಿನಲ್ಲಿ ನೇರಳೆಮರ ಬರುತ್ತದೆ, ದಿನಾ ಒಂದು ನೆವ ಹೇಳಿ ಕಳಿಸುತ್ತೇನೆ. ದಾರ ಮುಗಿದಿದೆ, ಮಿಷನ್ನಿನ ಬೆಲ್ಟು ಹರಿದಿದೆ, ಲೈನಿಂಗಿಗೆ ಅದೇ ಬಣ್ಣ ಸಿಗಲಿಲ್ಲ. ಕಾಲ ಬಂದಾಗ ಬಾಗಿಲಲ್ಲಿ ನಿಂತಷ್ಟೇ ಹೊತ್ತಿನಲ್ಲಿ ಒಂದು ಬೊಗಸೆ ಹಣ್ಣನ್ನೂ ಉದುರಿಸಿ ಹೋಗುತ್ತದೆ. ಒಳ್ಳೆಯ ಗಿರಾಕಿ. ಊರು ಬಿಟ್ಟು ಒಂದು ದಿನವೂ ಎಲ್ಲಿಗೂ ಹೋಗುವ ಹಾಗಿಲ್ಲ ಎನ್ನುವುದೊಂದು ಬಿಟ್ಟರೆ ನನಗೇನೂ ನಷ್ಟವಿಲ್ಲ, ಹೋಗಬೇಕೆಂಬ ಆಸೆಯೂ ಇಲ್ಲ. ಜವರಪ್ಪನ ಸ್ವರ ವಾರದಲ್ಲಿ ವಾಪಸು ಬಂತು, ಆದರೆ ಏನೋ ಮೆತ್ತಗಾಗಿದೆ. ಮೊನ್ನೆ ಅವನ ಮಾವ ಹೊರಟಾಗ ಹೋಗ್ಬನ್ನಿ ಎಂದುಬಿಟ್ಟನಂತೆ. ಹೆಂಡತಿ ವೈದ್ಯರನ್ನು ಕರೆಸಿದ್ದಳು.

ಚೆಲುವತ್ತೆಯ ಟ್ರಂಕು ಮಾತ್ರ ಕಟ್ಟಿದ ಹಾಗೇ ಬಾಗಿಲ ಹತ್ತಿರ ಇದೆ. ಯಾಕೆ ಬಿಚ್ಚಲಿಲ್ಲ ಎಂದು ನಾನು ಕೇಳಿಲ್ಲ. ಬೇಸಿಗೆಯಿಡೀ ಹಪ್ಪಳ ಒಣಗಿಸಿದಳು, ಈಗ ಎರಡನೆಯ ಬೇಸಿಗೆ. ಆದರೂ ನಾಲ್ಕು ದಿನಕ್ಕೊಮ್ಮೆ ನನ್ನ ಅಂಗಡಿಯ ಬಾಗಿಲಿಗೆ ಬಂದು, ಚಪ್ಪಲಿ ಬಿಡದೆ ನಿಂತು ಇಣುಕುತ್ತಾಳೆ. ನಶ್ಯದ ಬಣ್ಣದ ರವಿಕೆ ಮೊಳೆಗೆ ನೇತುಹಾಕಿದೆ. ಹುಕ್ಕು ನಿಜವಾಗಿಯೂ ಒಂದು ಬಾಕಿ ಇದೆ. ಇವತ್ತೂ ಬಂದಳು.

“ನನ್ನ ರವಿಕೆ ಆಯ್ತೇನೇ?” ಎಂದಳು.

“ಒಂದೇ ಒಂದು ಹುಕ್ಕು ಅತ್ತೆ. ನಾಳೆ ಬಾ” ಎಂದೆ.

ಅವಳು ರವಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗಿನಡಿಯಿಂದ ಹಪ್ಪಳದ ಕಟ್ಟೊಂದನ್ನು ತೆಗೆದು ಮಿಷನ್ನಿನ ಮೇಲಿಟ್ಟಳು.

“ಅವಸರ ಏನಿಲ್ಲ ಕಣೇ, ನಾಳೇನೇ ಬರ್ತೀನಿ” ಎಂದು ಹೋದಳು.